ಯಾವ ಅಂಗಡಿಗೆ?

ಸಂಜೆ ದೀಪ ಹಚ್ಚುವ ಹೊತ್ತು. ತಾಯಿಯೊಬ್ಬಳು ಹತ್ತು ವರ್ಷದ ಮಗನ ಕೈಗೆ ಚೀಲವನ್ನೂ ನೂರು ರೂಪಾಯಿಯ ಒಂದು ನೋಟನ್ನೂ ಕೊಟ್ಟು, ಅರ್ಧ ಕಿಲೋ ಬೆಲ್ಲವನ್ನೂ ಕಾಲು ಕಿಲೋ ಹುರಿಗಡಲೆಯನ್ನೂ ತರಲು ಹೇಳುತ್ತಾಳೆ. ಅವರ ಬೀದಿಯ ಮೂಲೆಯಲ್ಲಿಯೇ ಒಂದು ದಿನಸಿ ಅಂಗಡಿಯುಂಟು. ಸ್ವಲ್ಪ ಮುಂದೆ, ಬಸ್ ನಿಲ್ದಾಣದ ಎದುರಿಗೆ, ಅದಕ್ಕಿಂತ ದೊಡ್ಡದಾದ ಇನ್ನೊಂದಿದೆ. ಅಲ್ಲಿ ಝಗಝಗಿಸುವ ವಿದ್ಯುದ್ದೀಪಗಳು, ಸಾಲಾಗಿ ಜೋಡಿಸಿದ ಗಾಜಿನ ಭರಣಿಗಳು. ಆದರೆ ತಾಯಿ ಹೇಳುವ ಮಾತು ಬೇರೆ: "ಇಲ್ಲೆಲ್ಲ ಬೇಡ, ಗುಡಿಯ ಹಿಂದಿನ ಅಂಗಡಿಗೇ ಹೋಗು." ಹುಡುಗ ಎರಡು ಅಂಗಡಿಗಳನ್ನು ದಾಟಿ ಮೂರನೆಯದಕ್ಕೆ ನಡೆಯುತ್ತಾನೆ. ಮೂರರಲ್ಲಿಯೂ ಬೆಲ್ಲದ ಬೆಲೆ ಹೆಚ್ಚುಕಡಿಮೆ ಒಂದೇ. ಮೂರಕ್ಕೂ ಬೆಲ್ಲ ಬರುವುದು ಬಹುಶಃ ಒಂದೇ ಮಂಡಿಯಿಂದ. ಹಾಗಿದ್ದರೂ ಆ ತಾಯಿ ಮಗನ ಕಾಲಿಗೆ ಇಷ್ಟು ಶ್ರಮವನ್ನು ಕೊಟ್ಟುದೇಕೆ?

ಇದು ಕರ್ನಾಟಕದ ಊರೂರುಗಳಲ್ಲಿ ದಿನವೂ ನಡೆಯುವ ಸಂಗತಿ. ಇದು ಎಷ್ಟು ಸಾಮಾನ್ಯವೆಂದರೆ, ಇದರ ಹಿಂದೆ ಒಂದು ಲೆಕ್ಕಾಚಾರವಿದೆಯೆಂಬುದೇ ಯಾರ ಗಮನಕ್ಕೂ ಬರುವುದಿಲ್ಲ. ಕೊಳ್ಳುವವರು ಅಂಗಡಿಯನ್ನು ಆರಿಸುವುದು ಹೇಗೆ ಎಂದು ಕೇಳಿದರೆ, "ಎಲ್ಲಿ ಅಗ್ಗವೋ ಅಲ್ಲಿಗೆ ಹೋಗುತ್ತಾರೆ" ಎಂಬ ಉತ್ತರ ಥಟ್ಟನೆ ಬರುತ್ತದೆ. ಆ ಉತ್ತರ ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಅಗ್ಗವೆಂದು ಮುಗ್ಗಿದ ಜೋಳ ಕೊಂಡವರ ಪಾಡು ಗಾದೆಯಾಗಿಯೇ ಜನರ ಬಾಯಲ್ಲಿದೆ. ಬೆಲೆಯೊಂದೇ ಎಲ್ಲವನ್ನೂ ನಿರ್ಣಯಿಸುವುದಾಗಿದ್ದರೆ ಒಂದೂರಿನಲ್ಲಿ ಒಂದು ಅಂಗಡಿ ಮಾತ್ರ ಉಳಿದು, ಮಿಕ್ಕವೆಲ್ಲ ಎಂದೋ ಬಾಗಿಲು ಹಾಕಬೇಕಾಗಿತ್ತು.

ಹಾಲಿನ ಪೊಟ್ಟಣವನ್ನೇ ನೋಡಬಹುದು. ಕರ್ನಾಟಕ ಹಾಲು ಮಹಾಮಂಡಳದ 'ನಂದಿನಿ' ಹಾಲಿಗೆ ಪೊಟ್ಟಣದ ಮೇಲೆಯೇ ಬೆಲೆ ಅಚ್ಚಾಗಿರುತ್ತದೆ. ಒಂದೇ ಬಗೆಯ ಹಾಲಿಗೆ ಈ ಅಂಗಡಿಯಲ್ಲಿ ಒಂದು ಬೆಲೆ, ಆ ಅಂಗಡಿಯಲ್ಲಿ ಇನ್ನೊಂದು ಬೆಲೆ ಎಂಬುದಿಲ್ಲ. ಅಚ್ಚಾದ ಬೆಲೆಗಿಂತ ಹೆಚ್ಚು ಕೇಳಿದರೆ ಅದು ಕಾನೂನಿಗೆ ವಿರುದ್ಧ. ತಂಪುಪೆಟ್ಟಿಗೆಯ ಖರ್ಚೆಂದು ಒಂದು ರೂಪಾಯಿ ಹೆಚ್ಚಿಗೆ ಕೇಳುವುದೂ ತಪ್ಪೇ. ಹೀಗೆ ಬೆಲೆ ಎಲ್ಲೆಡೆಯೂ ಒಂದೇ ಆಗಿದ್ದರೂ ಜನರು ಹಾಲಿಗೆ ಎಲ್ಲ ಅಂಗಡಿಗಳಿಗೂ ಸಮನಾಗಿ ಹಂಚಿಕೊಂಡು ಹೋಗುವುದಿಲ್ಲ. ಬೆಳಿಗ್ಗೆ ಐದು ಗಂಟೆಗೆ ಬಾಗಿಲು ತೆರೆಯುವ ಅಂಗಡಿ ಯಾವುದು, ಹಾಲನ್ನು ತಣ್ಣಗೆ ಇಡುವವರು ಯಾರು, ನಿನ್ನೆಯ ಪೊಟ್ಟಣವನ್ನು ಇಂದಿನವುಗಳ ನಡುವೆ ಸೇರಿಸದವರು ಯಾರು ಎಂಬುದನ್ನು ನೋಡಿ ಹೋಗುತ್ತಾರೆ. ಬೆಲೆಯ ಮಾತು ಮುಗಿದಲ್ಲಿಯೂ ಆಯ್ಕೆ ಮುಗಿಯುವುದಿಲ್ಲ.

ಹಾಗಾದರೆ ಮೊದಲು ಲೆಕ್ಕಕ್ಕೆ ಬರುವುದು ಯಾವುದು? ದೂರ. ಉಪ್ಪು ತರಲು ಯಾರೂ ಪೇಟೆಗೆ ಬಸ್ಸು ಹತ್ತುವುದಿಲ್ಲ. ಉಪ್ಪಿನಲ್ಲಿ ಉಳಿಯುವುದು ಒಂದು ರೂಪಾಯಿ, ಬಸ್ಸಿಗೆ ಹೋಗುವುದು ಹದಿನೈದು. ಆದರೆ ಮಗಳ ಮದುವೆಗೆ ಸೀರೆ ತರುವಾಗ ಇದೇ ಮನೆಯವರು ನಾಲ್ಕಾರು ಮಂದಿ ಕೂಡಿ, ಬುತ್ತಿ ಕಟ್ಟಿಕೊಂಡು, ರೈಲಿನಲ್ಲಿ ಬೆಂಗಳೂರಿನ ಚಿಕ್ಕಪೇಟೆಗೆ ಹೋಗುವುದುಂಟು. ಅಲ್ಲಿ ಒಂದರ ಪಕ್ಕಕ್ಕೆ ಒಂದರಂತೆ ಸೀರೆಯ ಅಂಗಡಿಗಳಿವೆ. ಪ್ರತಿಸ್ಪರ್ಧಿಗಳು ದೂರದೂರ ಇರುವುದಲ್ಲವೆ ಲೇಸು? ವ್ಯಾಪಾರಿಯ ದೃಷ್ಟಿಯಿಂದ ನೋಡಿದರೆ ಹಾಗೆ ಕಾಣಬಹುದು. ಕೊಳ್ಳುವವರ ದೃಷ್ಟಿ ಬೇರೆ. ಹತ್ತು ಅಂಗಡಿ ಒಂದೆಡೆ ಇದ್ದರೆ ಹೋಲಿಸಿ ನೋಡುವುದು ಸುಲಭ. ಒಂದರಲ್ಲಿ ಒಪ್ಪಿಗೆಯಾಗದಿದ್ದರೆ ಪಕ್ಕದ ಮೆಟ್ಟಿಲು ಹತ್ತಬಹುದು. ಆದಕಾರಣ ಜನರು ಅಲ್ಲಿಗೆ ಬರುತ್ತಾರೆ. ಜನರು ಬರುವುದರಿಂದ ಹನ್ನೊಂದನೆಯ ಅಂಗಡಿಯೂ ಅಲ್ಲಿಯೇ ತೆರೆಯುತ್ತದೆ. ಅದೇ ನಗರದ ಅವೆನ್ಯೂ ರಸ್ತೆಯಲ್ಲಿ ಪುಸ್ತಕದ ಅಂಗಡಿಗಳು ಸಾಲುಗಟ್ಟಿ ನಿಂತಿರುವುದಕ್ಕೂ ಇದೇ ಕಾರಣ.

ಹುಡುಕಾಟಕ್ಕೂ ಒಂದು ವೆಚ್ಚವಿದೆ ಎಂಬುದನ್ನು ಜಾರ್ಜ್ ಸ್ಟಿಗ್ಲರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1961ರಲ್ಲಿ ಒಂದು ಪ್ರಬಂಧದ ಮೂಲಕ ಶಾಸ್ತ್ರೀಯವಾಗಿ ವಿವರಿಸಿದನು. ಕೊಳ್ಳುವ ವಸ್ತುವಿಗೆ ಎಷ್ಟು ಹೆಚ್ಚು ಹಣ ಹೋಗುತ್ತದೆಯೋ ಅಷ್ಟು ಹೆಚ್ಚು ಹುಡುಕುವುದು ಲಾಭದಾಯಕ ಎಂಬುದು ಅವನ ವಾದದ ಒಂದು ಭಾಗ. ನಮ್ಮ ಹಳ್ಳಿಯ ಗೃಹಿಣಿ ಆ ಪ್ರಬಂಧವನ್ನು ಓದಿಲ್ಲ. ಆದರೆ ಬೆಂಕಿಪೊಟ್ಟಣಕ್ಕೆ ಒಂದು ಅಂಗಡಿ, ಬೇಳೆಗೆ ಎರಡು ಅಂಗಡಿ, ಸೀರೆಗೆ ಇಪ್ಪತ್ತು ಅಂಗಡಿ ಎಂಬ ಲೆಕ್ಕ ಅವಳಿಗೆ ಯಾರೂ ಹೇಳಿಕೊಡದೆ ಬಂದಿದೆ.

ದೂರದ ಸೆಳೆತವನ್ನು ಗಣಿತದಲ್ಲಿ ಹಿಡಿಯಲು ಯತ್ನಿಸಿದವರೂ ಉಂಟು. ಅಮೆರಿಕದವನೇ ಆದ ವಿಲಿಯಂ ರೈಲಿ 1931ರಲ್ಲಿ ಪ್ರಕಟಿಸಿದ ನಿಯಮವೊಂದು ನ್ಯೂಟನ್ನನ ಗುರುತ್ವಾಕರ್ಷಣ ನಿಯಮವನ್ನು ನೆನಪಿಗೆ ತರುತ್ತದೆ. ಪೇಟೆಯೊಂದು ಸುತ್ತಣ ಊರುಗಳ ಗಿರಾಕಿಗಳನ್ನು ಸೆಳೆಯುವ ಶಕ್ತಿ ಅದರ ಜನಸಂಖ್ಯೆ ಹೆಚ್ಚಿದಂತೆ ಹೆಚ್ಚುತ್ತದೆ, ದೂರದ ವರ್ಗಕ್ಕೆ ಅನುಗುಣವಾಗಿ ಕುಗ್ಗುತ್ತದೆ ಎಂಬುದು ಅದರ ಸಾರ. 30 ಕಿಲೋಮೀಟರು ಅಂತರದಲ್ಲಿ ಎರಡು ಪೇಟೆಗಳಿವೆಯೆಂದು ಭಾವಿಸೋಣ. ಒಂದರಲ್ಲಿ 20,000 ಜನ, ಇನ್ನೊಂದರಲ್ಲಿ 80,000. ರೈಲಿಯ ಲೆಕ್ಕದಂತೆ ಚಿಕ್ಕ ಪೇಟೆಯಿಂದ 10 ಕಿಲೋಮೀಟರು ದೂರದಲ್ಲಿ ಇವೆರಡರ ಸೆಳೆತ ಸಮವಾಗುತ್ತದೆ. ಅದರಿಂದಾಚೆಗಿನ ಹಳ್ಳಿಗಳೆಲ್ಲ ದೊಡ್ಡ ಪೇಟೆಯ ಕಡೆಗೆ ವಾಲುತ್ತವೆ. ಲೆಕ್ಕ ಸೊಗಸಾಗಿದೆ. ಆದರೆ ದೊಡ್ಡ ಪೇಟೆಗೆ ದಿನಕ್ಕೆ ಒಂದೇ ಬಸ್ಸಿದ್ದು, ಚಿಕ್ಕ ಪೇಟೆಗೆ ಗಂಟೆಗೊಂದು ಬಸ್ಸಿದ್ದರೆ ರೈಲಿಯ ಗೆರೆ ಬಸ್ಸಿನ ಚಕ್ರಕ್ಕೆ ಸಿಕ್ಕಿ ಅಳಿಸಿಹೋಗುತ್ತದೆ.

ಇನ್ನು ತೂಕದ ವಿಚಾರ. ಮೊದಲಲ್ಲಿ ಬಂದ ತಾಯಿಯ ಮನಸ್ಸಿನಲ್ಲಿದ್ದುದರ ಒಂದಂಶ ಇಲ್ಲಿದೆ. ಮೂಲೆಯಂಗಡಿಯವನ ತಕ್ಕಡಿ ದೊಡ್ಡವರು ಹೋದಾಗ ಸರಿಯಾಗಿ ತೂಗುತ್ತದೆ. ಮಕ್ಕಳು ಹೋದಾಗ ಅದಕ್ಕೆ ಏನೋ ಮರೆವು. ಗುಡಿಯ ಹಿಂದಿನ ಅಂಗಡಿಯಲ್ಲಿ ಮಗು ಬಂದರೂ ಮುದುಕಿ ಬಂದರೂ ತಕ್ಕಡಿಯ ಮುಳ್ಳು ಒಂದೇ ಕಡೆ ನಿಲ್ಲುತ್ತದೆ. ಮಕ್ಕಳನ್ನು ಕಳುಹಿಸಬಹುದಾದ ಅಂಗಡಿ ಯಾವುದೆಂದು ಪ್ರತಿಯೊಂದು ಬೀದಿಯ ಹೆಂಗಸರಿಗೂ ಗೊತ್ತು. ಈ ಪರೀಕ್ಷೆಗಿಂತ ಕಠಿನವಾದ ಪರೀಕ್ಷೆಯನ್ನು ಯಾವ ಸರಕಾರವೂ ವ್ಯಾಪಾರಿಗೆ ಒಡ್ಡಿಲ್ಲ.

ತೂಕದ ಮೋಸ ಇಂದಿನದಲ್ಲ. ತೂಕ ಮತ್ತು ಅಳತೆಗಳನ್ನು ನೋಡಿಕೊಳ್ಳಲೆಂದೇ ನೇಮಕವಾದ ಪೌತವಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಬರುತ್ತದೆ. ಸ್ವಾತಂತ್ರ್ಯ ಬಂದಾಗಲೂ ನಮ್ಮಲ್ಲಿ ಸೇರು, ಪಾವು, ಚಟಾಕುಗಳೇ ನಡೆಯುತ್ತಿದ್ದುವು. ಸೇರಿನಲ್ಲಿಯೂ ಪಕ್ಕಾ ಸೇರು, ಕಚ್ಚಾ ಸೇರು ಎಂಬ ಭೇದ. ಪಕ್ಕಾ ಸೇರಿಗೆ 80 ತೊಲ. ಕಚ್ಚಾ ಸೇರು ಅದಕ್ಕಿಂತ ಬಹಳ ಕಡಿಮೆ. ಪರವೂರಿನಿಂದ ಬಂದ ಗಿರಾಕಿಗೆ ತಾನು ಕೊಂಡದ್ದೆಷ್ಟು ಎಂಬುದೇ ಸ್ಪಷ್ಟವಾಗುತ್ತಿರಲಿಲ್ಲ. 1956ರಲ್ಲಿ ತೂಕ ಮತ್ತು ಅಳತೆಗಳ ಪ್ರಮಾಣೀಕರಣ ಕಾಯಿದೆ ಬಂದಿತು. 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯಗಳೂ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಮು, ಲೀಟರುಗಳೂ ಬಳಕೆಗೆ ಬಂದುವು. ಈಗ ನಡೆಯುತ್ತಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ. ಇದರಂತೆ ವ್ಯಾಪಾರಿ ತನ್ನ ಬೊಟ್ಟು, ತಕ್ಕಡಿಗಳನ್ನು ಗೊತ್ತುಪಡಿಸಿದ ಅವಧಿಗೊಮ್ಮೆ ಇಲಾಖೆಯಿಂದ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಬೊಟ್ಟಿನ ಮೇಲೆ ಆ ಮುದ್ರೆಯಿದೆಯೆ ಎಂದು ತಿರುಗಿಸಿ ನೋಡುವ ಹಕ್ಕು ಕೊಳ್ಳುವ ಪ್ರತಿಯೊಬ್ಬರಿಗೂ ಉಂಟು. ನೋಡುವವರು ಮಾತ್ರ ವಿರಳ.

ತೂಕಕ್ಕೆ ಸಂಬಂಧಿಸಿ 'ಕೊಸರು' ಎಂಬ ಒಂದು ಚೆಲುವಾದ ಮಾತು ಕನ್ನಡದಲ್ಲಿದೆ. ತೂಗಿ ಆದ ಮೇಲೆ ಮೇಲಿಂದ ಹಾಕುವ ಒಂದು ಚಿಟಿಕೆ, ಒಂದು ಹಿಡಿ, ಎರಡು ಮೆಣಸಿನಕಾಯಿ, ಒಂದೆಳೆ ಕರಿಬೇವು, ಇವೇ ಕೊಸರು. ಅದಕ್ಕೆ ಬೆಲೆಯಿಲ್ಲ, ಆದರೆ ಬೆಲೆ ಕಟ್ಟಲಾಗದಷ್ಟು ಗಿರಾಕಿಗಳನ್ನು ಅದು ತಂದುಕೊಡುತ್ತದೆ. ಇಬ್ಬರು ತರಕಾರಿ ಮಾರುವವರನ್ನು ಗಮನಿಸಬೇಕು. ಒಬ್ಬಾಕೆ ತಟ್ಟೆಗೆ ಮೊದಲು ಹೆಚ್ಚು ಹಾಕಿ, ಮುಳ್ಳು ಸರಿಯಾಗುವ ತನಕ ಒಂದೊಂದೇ ಬದನೆಕಾಯಿಯನ್ನು ಹಿಂದಕ್ಕೆ ತೆಗೆಯುತ್ತಾಳೆ. ಇನ್ನೊಬ್ಬಾಕೆ ಮೊದಲು ಕಡಿಮೆ ಹಾಕಿ, ಒಂದೊಂದನ್ನೇ ಸೇರಿಸುತ್ತಾಳೆ. ಕೊನೆಗೆ ಚೀಲಕ್ಕೆ ಬೀಳುವ ತೂಕ ಎರಡು ಕಡೆಯೂ ಒಂದೇ. ಆದರೆ ಒಂದು ಕಡೆ ಏನೋ ಕಳೆದುಕೊಂಡಂತೆ, ಇನ್ನೊಂದು ಕಡೆ ಏನೋ ಪಡೆದಂತೆ ಮನಸ್ಸಿಗೆ ತೋರುತ್ತದೆ; ಮುಂದಿನ ವಾರ ಕಾಲುಗಳು ತಾವಾಗಿಯೇ ಎರಡನೆಯವಳ ಕಡೆಗೆ ನಡೆಯುತ್ತವೆ. ಗ್ರಾಮುಗಳನ್ನು ಕೆಂಪು ಅಂಕಿಗಳಲ್ಲಿ ತೋರಿಸುವ ವಿದ್ಯುನ್ಮಾನ ತಕ್ಕಡಿ ಬಂದ ಮೇಲೆ ತೂಕ ನಿಖರವಾಯಿತು. ಕೊಸರು ಮಾತ್ರ ಬಡವಾಯಿತು.

ತೂಕಕ್ಕಿಂತಲೂ ಗಹನವಾದದ್ದು ಗುಣದ ಪ್ರಶ್ನೆ. ವಸ್ತುಗಳಲ್ಲಿ ಕೆಲವು ಕಂಡ ಕೂಡಲೆ ಗುಣ ತೋರಿಸುತ್ತವೆ: ಬೆಂಡೆಕಾಯಿಯ ತುದಿ ಮುರಿದರೆ ಎಳೆಯದೋ ಬಲಿತದ್ದೋ ತಿಳಿಯುತ್ತದೆ. ಕೆಲವು ಬಳಸಿದ ಮೇಲೆ ಮಾತ್ರ ತಿಳಿಯುವಂಥವು: ಅಕ್ಕಿ ಬೆಂದ ಮೇಲೆ, ಸೋಪು ಕರಗಿದ ಮೇಲೆ. ಮತ್ತೆ ಕೆಲವು ಬಳಸಿದ ಮೇಲೂ ತಿಳಿಯದಂಥವು. ಬೆಲ್ಲವೇ ಇದಕ್ಕೆ ನಿದರ್ಶನ. ಹೊಳೆಯುವ ಹಳದಿ ಬೆಲ್ಲವನ್ನು ಕಂಡು ಜನರು ಮನಸೋಲುತ್ತಾರೆ. ಆ ಬಣ್ಣ ಬರಿಸಲು ಆಲೆಮನೆಯಲ್ಲಿ ಗಂಧಕದ ಸಂಯುಕ್ತವಾದ ರಾಸಾಯನಿಕವನ್ನು ಬೆರೆಸುವುದುಂಟು. ಅದಿಲ್ಲದೆ ಕಾಯಿಸಿದ ಬೆಲ್ಲ ಸಾಮಾನ್ಯವಾಗಿ ಕಂದುಬಣ್ಣದ್ದು, ನೋಡಲು ಅಷ್ಟು ಚೆಲುವಲ್ಲ. ನಾಲಗೆಗೆ ಎರಡೂ ಸಿಹಿಯೇ. ಹೀಗಿರುವಾಗ ಕೊಳ್ಳುವವರು ಬೆಲ್ಲವನ್ನು ಪರೀಕ್ಷಿಸಲಾರರು. ಬೆಲ್ಲ ಮಾರುವವನನ್ನು ಪರೀಕ್ಷಿಸಬೇಕಾಗುತ್ತದೆ. "ಈ ಸಲದ ಬೆಲ್ಲ ಅಷ್ಟು ಚೆನ್ನಾಗಿಲ್ಲ, ಎರಡು ದಿನ ತಡೆಯಿರಿ" ಎಂದು ಒಮ್ಮೆ ಹೇಳಿದ ಅಂಗಡಿಯವನು ಅಂದು ಹತ್ತು ರೂಪಾಯಿಯ ಲಾಭವನ್ನು ಕಳೆದುಕೊಂಡನು; ಆ ಮನೆಯ ಹತ್ತು ವರ್ಷಗಳ ವ್ಯಾಪಾರವನ್ನು ಗಳಿಸಿಕೊಂಡನು.

ಹೀಗೆ ಗುಣ ತಿಳಿಯದ ಸರಕಿನ ಪೇಟೆಯಲ್ಲಿ ಏನಾಗುತ್ತದೆಂಬುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಮೋಟಾರು ಕಾರುಗಳ ಉದಾಹರಣೆಯಿಂದ ತೋರಿಸಿದನು. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಕೊಳ್ಳುವವನು ಒಂದೇ ಬೆಲೆ ಕೊಡುವಂತಾದರೆ, ಒಳ್ಳೆಯ ಸರಕನ್ನು ತಂದವನಿಗೆ ನಷ್ಟ, ಅವನು ಪೇಟೆಯಿಂದ ಹಿಂದೆ ಸರಿಯುತ್ತಾನೆ, ಉಳಿಯುವುದು ಕೆಟ್ಟದ್ದು. ಈ ವಿಷಯದಲ್ಲಿ ನಡೆಸಿದ ಅಧ್ಯಯನಕ್ಕಾಗಿ ಅವನಿಗೆ 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಹಂಚಿಕೆಯಾಗಿ ದೊರೆಯಿತು. ಈ ಅನಾಹುತವನ್ನು ತಡೆಯುವ ಉಪಾಯವೊಂದು ನಮ್ಮ ಕಾಫಿಪುಡಿಯ ಅಂಗಡಿಗಳಿಗೆ ಬಹಳ ಹಿಂದೆಯೇ ಹೊಳೆದಿತ್ತು. ಅಲ್ಲಿ ಬೀಜವನ್ನು ಗಿರಾಕಿಯ ಕಣ್ಣೆದುರಿಗೇ ಯಂತ್ರಕ್ಕೆ ಸುರಿಯುತ್ತಾರೆ. ಚಿಕೋರಿ ಎಷ್ಟು ಬೆರೆಸಬೇಕೆಂದು ಬಾಯಿಬಿಟ್ಟು ಕೇಳುತ್ತಾರೆ. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿಯ ಅಂಶ ನೂರಕ್ಕೆ 51ಕ್ಕಿಂತ ಕಡಿಮೆಯಿರಬಾರದೆಂದು ನಿಯಮವಿದೆ. ಆದರೆ ಗಿರಾಕಿಯನ್ನು ಅಲ್ಲಿಗೆ ಎಳೆದು ತರುವುದು ನಿಯಮವಲ್ಲ. ಬಿಸಿ ಪುಡಿಯ ಪರಿಮಳ ಮತ್ತು ಕಣ್ಣಾರೆ ಕಂಡ ಧೈರ್ಯ.

ಚಿನ್ನದ ಮಾತು ಬಂದರೆ ಕಣ್ಣಿಗೂ ಧೈರ್ಯವಿಲ್ಲ. ಆದ್ದರಿಂದಲೇ ಒಂದು ಮನೆತನ ಮೂರು ತಲೆಮಾರು ಒಬ್ಬನೇ ಅಕ್ಕಸಾಲಿಗನ ಬಳಿಗೆ ಹೋಗುತ್ತಿದ್ದುದು. ಅಜ್ಜಿ ಕೊಂಡಲ್ಲಿಯೇ ಮೊಮ್ಮಗಳೂ ಕೊಳ್ಳುತ್ತಿದ್ದಳು. ಬೆಲೆ ಹೆಚ್ಚೆಂದು ಗೊತ್ತಿದ್ದರೂ ಬೇರೆಡೆಗೆ ಹೋಗುವ ಎದೆಗಾರಿಕೆ ಇರಲಿಲ್ಲ. ಭಾರತೀಯ ಮಾನಕ ಸಂಸ್ಥೆ 2000ದಲ್ಲಿ ಚಿನ್ನಕ್ಕೆ ಹಾಲ್‌ಮಾರ್ಕ್ ಮುದ್ರೆಯನ್ನು ಆರಂಭಿಸಿತು. 2021ರ ಜೂನಿನಿಂದ ಅದು ಜಿಲ್ಲೆ ಜಿಲ್ಲೆಗಳಲ್ಲಿ ಹಂತಹಂತವಾಗಿ ಕಡ್ಡಾಯವಾಗತೊಡಗಿತು. ಹಿಂದೆ ವ್ಯಕ್ತಿಯ ಮೇಲೆ ಇಡುತ್ತಿದ್ದ ನಂಬಿಕೆಯನ್ನು ಈಗ ಮುದ್ರೆಯ ಮೇಲೆ ಇಡಬಹುದಾಗಿದೆ. ಆದುದರಿಂದ ಕೊಳ್ಳುವವಳು ಯಾವ ಅಂಗಡಿಯ ಮೆಟ್ಟಿಲನ್ನಾದರೂ ಹತ್ತಬಲ್ಲಳು. ಕೃಷಿ ಉತ್ಪನ್ನಗಳಿಗೆ 1937ರ ಕಾಯಿದೆಯಿಂದ ಬಂದ ಅಗ್‌ಮಾರ್ಕ್ ಮುದ್ರೆ, ಇತರ ಸರಕುಗಳ ಐ.ಎಸ್.ಐ. ಗುರುತು, ಪೊಟ್ಟಣಗಳ ಮೇಲೆ 1990ರಿಂದ ಎಲ್ಲ ತೆರಿಗೆಗಳನ್ನೂ ಒಳಗೊಂಡು ಅಚ್ಚಾಗುತ್ತಿರುವ ಗರಿಷ್ಠ ಮಾರಾಟ ಬೆಲೆ, ಇವೆಲ್ಲವೂ ಮಾಡುವ ಕೆಲಸ ಮೂಲದಲ್ಲಿ ಇದೇ: ಅಪರಿಚಿತ ಅಂಗಡಿಗೆ ಹೋಗುವ ಧೈರ್ಯವನ್ನು ಅವು ಕೊಳ್ಳುವವರಿಗೆ ಕೊಡುತ್ತವೆ.

ಇಲ್ಲಿಯ ತನಕ ಹೇಳಿದ್ದೆಲ್ಲ ಕೈಯಲ್ಲಿ ಕಾಸಿದ್ದವರ ಮಾತು. ಕೈಯಲ್ಲಿ ಕಾಸಿಲ್ಲದ ದಿನ ಲೆಕ್ಕವೇ ಬೇರೆಯಾಗುತ್ತದೆ. ಆಗ ಅಗ್ಗವೂ ಅಲ್ಲ, ಗುಣವೂ ಅಲ್ಲ, ಉದ್ದರಿ ಕೊಡುವವನು ಯಾರು ಎಂಬುದೇ ಏಕಮಾತ್ರ ಪ್ರಶ್ನೆ. "ಇಂದು ನಗದು, ನಾಳೆ ಉದ್ರಿ" ಎಂಬ ಹಲಗೆಯನ್ನು ಎಷ್ಟೋ ಅಂಗಡಿಗಳಲ್ಲಿ ತೂಗುಹಾಕಿರುತ್ತಾರೆ. ಅದರ ಕೆಳಗೇ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಮೂಲೆ ಮಡಿಚಿದ ಉದ್ದರಿ ಪುಸ್ತಕವೂ ಇರುತ್ತದೆ. ದಿನಗೂಲಿಯವರು, ತಿಂಗಳ ಸಂಬಳದ ಸಣ್ಣ ನೌಕರರು, ಬೆಳೆ ಮಾರಿದಾಗ ಮಾತ್ರ ಹಣ ಕಾಣುವ ರೈತರು, ಇವರ ಹೆಸರುಗಳೆಲ್ಲ ಅಲ್ಲಿ ಸೇರಿವೆ.

ಈ ಉದ್ದರಿಗೆ ಬಡ್ಡಿಯಿಲ್ಲವೆಂದು ಎಲ್ಲರೂ ತಿಳಿಯುತ್ತಾರೆ. ಲೆಕ್ಕ ಹಾಕಿ ನೋಡಬೇಕು. ಒಂದು ಸಂಸಾರ ತಿಂಗಳಿಗೆ 4,000 ರೂಪಾಯಿಯ ದಿನಸಿಯನ್ನು ದಿನದಿನವೂ ಸ್ವಲ್ಪಸ್ವಲ್ಪವಾಗಿ ಉದ್ದರಿ ತಂದು, ತಿಂಗಳ ಕೊನೆಯಲ್ಲಿ ತೀರಿಸುತ್ತದೆಯೆಂದು ಇಟ್ಟುಕೊಳ್ಳೋಣ. ನಗದು ಅಂಗಡಿಗಿಂತ ಇಲ್ಲಿ ಬೆಲೆ ನೂರಕ್ಕೆ ಮೂರು ರೂಪಾಯಿ ಹೆಚ್ಚು. ಅಂದರೆ ತಿಂಗಳಿಗೆ 120 ರೂಪಾಯಿ. ಸಾಲ ಮೊದಲ ದಿನ ಏನೂ ಇಲ್ಲ, ಕೊನೆಯ ದಿನ 4,000. ಸರಾಸರಿಯಲ್ಲಿ 2,000 ರೂಪಾಯಿ ಒಂದು ತಿಂಗಳು ಅಂಗಡಿಯವನಿಂದ ಪಡೆದಂತೆ. 2,000ಕ್ಕೆ 120 ಎಂದರೆ ತಿಂಗಳಿಗೆ ನೂರಕ್ಕೆ 6ರ ಬಡ್ಡಿ, ವರ್ಷಕ್ಕೆ 72. ಈ ಬಡ್ಡಿ ಯಾವ ಪತ್ರದಲ್ಲಿಯೂ ಬರೆದಿಲ್ಲ. ಬೇಳೆಯ ಬೆಲೆಯಲ್ಲಿ, ಎಣ್ಣೆಯ ಬೆಲೆಯಲ್ಲಿ ಅಡಗಿ ಕುಳಿತಿದೆ.

ಹಣಕ್ಕಿಂತ ದೊಡ್ಡ ಬೆಲೆ ಇನ್ನೊಂದುಂಟು. ಬಾಕಿ ಉಳಿಸಿಕೊಂಡವಳು ಬೇರೆ ಅಂಗಡಿಗೆ ಹೋಗಲಾರಳು. ಎಂದೋ ಒಂದು ದಿನ ಕೂಲಿಯ ಹಣ ಕೈಗೆ ಬಂದು, ಪೇಟೆಯಲ್ಲಿ ಬೇಳೆ ಅಗ್ಗವಾಗಿ ಸಿಕ್ಕಿ ಕೊಂಡರೆ, ಆ ಚೀಲವನ್ನು ಹಿಡಿದು ಉದ್ದರಿ ಅಂಗಡಿಯ ಮುಂದೆ ಹಾದುಹೋಗಲು ಅವಳಿಗೆ ಸಂಕೋಚ. ಸೆರಗಿನ ಮರೆಯಲ್ಲಿ ಚೀಲವನ್ನು ಮುಚ್ಚಿಕೊಂಡು ಹಿಂದಿನ ಬೀದಿಯಿಂದ ಸುತ್ತಿ ಮನೆ ಸೇರುತ್ತಾಳೆ. ನಾಲ್ಕು ಅಂಗಡಿಗಳಿರುವ ಊರಿನಲ್ಲಿ ಅವಳಿಗಿರುವುದು ಒಂದೇ ಅಂಗಡಿ. ಅಕ್ಕಿಯಲ್ಲಿ ಕಲ್ಲು ಬಂದರೂ ಅವಳು ಗಟ್ಟಿಯಾಗಿ ಕೇಳುವಂತಿಲ್ಲ. ಕೇಳಿದರೆ ಪುಸ್ತಕದ ಪುಟ ತೆರೆಯುತ್ತದೆ.

ಹಾಗೆಂದು ಅಂಗಡಿಯವನನ್ನು ಖಳನಾಯಕನನ್ನಾಗಿ ಮಾಡುವುದು ನ್ಯಾಯವಲ್ಲ. ಅವನೂ ಸಗಟು ವ್ಯಾಪಾರಿಗೆ ಬಾಕಿಯವನೇ. ಊರು ಬಿಟ್ಟುಹೋದವರ, ತೀರಿಕೊಂಡವರ ಬಾಕಿಯನ್ನು ಅವನು ಯಾರಿಂದಲೂ ವಸೂಲು ಮಾಡಲಾರನು. ಒಡವೆಯ ಆಧಾರವಿಲ್ಲದೆ, ಜಾಮೀನಿಲ್ಲದೆ, ಬಡವರಿಗೆ ಅಕ್ಕಿ ಕೊಡುವ ಬ್ಯಾಂಕು ಇನ್ನೂ ಹುಟ್ಟಿಲ್ಲ, ಅವನು ಕೊಡುತ್ತಾನೆ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಕಾರಣದಿಂದ ದೇಶವೆಲ್ಲ ಸ್ತಬ್ಧವಾಗಿ ಬಸ್ಸುಗಳು ನಿಂತಾಗ, ಕೂಲಿ ನಿಂತ ಎಷ್ಟೋ ಮನೆಗಳ ಒಲೆ ಉರಿದದ್ದು ಇಂಥ ಪುಸ್ತಕಗಳ ಬಲದಿಂದಲೇ. ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಎಂಬುದನ್ನು ಅವನು ಅಳೆಯುತ್ತಾನೆ: ಯಾರ ಮನೆಯಲ್ಲಿ ದುಡಿಯುವವರೆಷ್ಟು, ಬಟವಾಡೆ ಯಾವ ದಿನ, ಕುಡಿತವುಂಟೋ ಇಲ್ಲವೋ. ಕೊಳ್ಳುವವರು ಅಂಗಡಿಯನ್ನು ಆರಿಸುವಂತೆ ಅಂಗಡಿಯೂ ಕೊಳ್ಳುವವರನ್ನು ಆರಿಸುತ್ತದೆ.

ಈ ಬಂಧನವನ್ನು ಬಿಡಿಸಿಕೊಳ್ಳಲು ಜನರೇ ಒಟ್ಟುಗೂಡಿ ಮಾಡಿದ ಪ್ರಯತ್ನದಲ್ಲಿ ಸಹಕಾರದ ಚಳವಳಿ ಹುಟ್ಟಿತು. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 1844ರಲ್ಲಿ ನೇಕಾರರೇ ಮೊದಲಾದ 28 ಮಂದಿ ಸೇರಿ ತಮ್ಮದೇ ಆದ ಒಂದು ಚಿಕ್ಕ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿ ಮುಂತಾದ ಕೆಲವೇ ಸರಕುಗಳು. ಕಲಬೆರಕೆಯಿಲ್ಲ, ತೂಕದಲ್ಲಿ ಮೋಸವಿಲ್ಲ; ಜೊತೆಗೆ ಉದ್ದರಿಯೂ ಇಲ್ಲ. ಉಳಿದ ಲಾಭವನ್ನು ಸದಸ್ಯರು ಕೊಂಡಷ್ಟಕ್ಕೆ ಅನುಸಾರವಾಗಿ ಅವರಿಗೇ ಹಂಚುತ್ತಿದ್ದರು. ನಮ್ಮ ನಾಡಿನಲ್ಲಿ 1905ರಲ್ಲಿಯೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಹಕಾರ ಸಂಘ ಸ್ಥಾಪನೆಯಾಯಿತು. ಅದು ಸಾಲ ಕೊಡುವ ಸಂಘ. ಮುಂದೆ ಬಂದ ಜನತಾ ಬಜಾರುಗಳು ರಾಚ್‌ಡೇಲಿನ ದಾರಿಯನ್ನು ಹಿಡಿದುವು. ಸಹಕಾರದ ಅಂಗಡಿ ನಗದು ಕೇಳುತ್ತದೆ. ನಗದು ಇಲ್ಲದವಳಿಗೆ ಮೊದಲು ಬೇಕಾದದ್ದು ಕಣಗಿನಹಾಳ, ಆಮೇಲೆ ರಾಚ್‌ಡೇಲ್.

ಅಂಗಡಿಗೆ ಹೋಗುವವರು ಸಾಮಾನನ್ನು ಮಾತ್ರ ಕೊಳ್ಳುವುದಿಲ್ಲ; ಒಂದಿಷ್ಟು ಮರ್ಯಾದೆಯನ್ನೂ ನಿರೀಕ್ಷಿಸುತ್ತಾರೆ. ಹತ್ತು ರೂಪಾಯಿಯ ಎಣ್ಣೆ ಕೇಳಿದಾಗ ಮುಖ ಸಿಂಡರಿಸುವ ಅಂಗಡಿಗೆ ಬಡವರು ಎರಡನೆಯ ಸಲ ಹೋಗುವುದಿಲ್ಲ. ಇದಕ್ಕಿಂತ ಕ್ರೂರವಾದದ್ದನ್ನು ನಮ್ಮ ಸಮಾಜ ಬಹುಕಾಲ ನಡೆಸಿಕೊಂಡು ಬಂದಿತು. ಅಸ್ಪೃಶ್ಯರೆಂದು ಕರೆಯಲ್ಪಟ್ಟವರು ಅಂಗಡಿಯ ಹೊರಗೆ ದೂರದಲ್ಲಿ ನಿಲ್ಲಬೇಕಾಗಿತ್ತು. ಅವರು ನೆಲದ ಮೇಲಿಟ್ಟ ಕಾಸಿಗೆ ನೀರು ಚಿಮುಕಿಸಿ ಎತ್ತಿಕೊಳ್ಳುವವರಿದ್ದರು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದಲ್ಲಿ 'ಅಂಗಡಿ' ಎಂಬ ಮಾತೇ ಬಂದಿರುವುದು ಇದರಿಂದಾಗಿ. ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾವ ಪ್ರಜೆಗೂ ಅಂಗಡಿಗಳ ಪ್ರವೇಶಕ್ಕೆ ಅಡ್ಡಿ ಇರಕೂಡದೆಂದು ಅದರ 15ನೆಯ ಅನುಚ್ಛೇದ ವಿಧಿಸುತ್ತದೆ. ಅದನ್ನು ಮೀರಿದವರನ್ನು ಶಿಕ್ಷಿಸಲು 1955ರಲ್ಲಿ ಕಾಯಿದೆಯೂ ಆಯಿತು. ಇಷ್ಟಾದರೂ ಕೆಲವು ಊರುಗಳಲ್ಲಿ ಯಾವ ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡುತ್ತಾನೆ, ಯಾವನು ಮೇಲಿನಿಂದ ಹಾಕುತ್ತಾನೆ ಎಂಬುದನ್ನು ನೋಡಿಯೇ ಅಂಗಡಿಯನ್ನು ಆರಿಸುವವರು ಇಂದಿಗೂ ಇದ್ದಾರೆ.

ಈಚೆಗೆ ಅಂಗಡಿಯ ರೂಪ ಬದಲಾಗಿದೆ. ಗಿರಾಕಿ ತಾನೇ ಬುಟ್ಟಿ ಹಿಡಿದು ಸರಕು ಆರಿಸಿಕೊಳ್ಳುವ ಅಂಗಡಿಯನ್ನು 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬುವನು ತೆರೆದನು. ಆ ಪದ್ಧತಿ ಈಗ ನಮ್ಮ ತಾಲ್ಲೂಕು ಪೇಟೆಗಳಿಗೂ ಬಂದಿದೆ. ಅಲ್ಲಿ ಪೊಟ್ಟಣವನ್ನು ತಿರುಗಿಸಿ ತಾರೀಖು ಓದಲು ಯಾರ ಅಪ್ಪಣೆಯೂ ಬೇಕಿಲ್ಲ. ಇದು ದೊಡ್ಡ ಅನುಕೂಲ. ಪಟ್ಟಿಯಲ್ಲಿಲ್ಲದ ನಾಲ್ಕು ಪದಾರ್ಥಗಳು ಬುಟ್ಟಿಗೆ ಬೀಳುವುದೂ ಅಲ್ಲಿಯೇ. ಆದರೆ ಮಗು ಸಣ್ಣ ನೋಟು ಹಿಡಿದು ಹೋಗಿ "ಐದು ರೂಪಾಯಿಯ ಸಾಸಿವೆ" ಎಂದು ಕೇಳುವಂತಿಲ್ಲ. 2016ರಲ್ಲಿ ಆರಂಭವಾದ ಯು.ಪಿ.ಐ. ಪದ್ಧತಿಯಿಂದ ಮೊಬೈಲ್ ಫೋನಿನಲ್ಲಿಯೇ ಹಣ ಸಂದಾಯವಾಗತೊಡಗಿದ ಮೇಲೆ, ಚಿಲ್ಲರೆಯಿಲ್ಲವೆಂದು ಚಾಕೊಲೇಟು ಕೈಗಿಡುವ ವ್ಯಾಪಾರಿಗಳ ಒಂದು ಹಳೆಯ ಉಪಾಯ ತಪ್ಪಿತು. ಮನೆಯಲ್ಲಿ ಕುಳಿತೇ ಸಾಮಾನು ತರಿಸಿಕೊಳ್ಳುವ ನಗರವಾಸಿಗಳು ತಾವೆಂದೂ ಕಾಣದವರು ಕೊಟ್ಟ ಅಭಿಪ್ರಾಯವನ್ನು ಓದಿ ಕೊಳ್ಳುತ್ತಾರೆ. ಪಕ್ಕದ ಮನೆಯಾಕೆಯ ಮಾತಿಗೆ ಇದ್ದ ಸ್ಥಾನ ಈಗ ಅಪರಿಚಿತರಿಗೆ ದೊರೆತಿದೆ.

ಬಹುಕಾಲ ಯಾವ ಆಯ್ಕೆಯೂ ಇಲ್ಲದಿದ್ದ ಅಂಗಡಿಯೆಂದರೆ ಪಡಿತರದ ನ್ಯಾಯಬೆಲೆ ಅಂಗಡಿ. ಚೀಟಿಯಲ್ಲಿ ಬರೆದ ಅಂಗಡಿಗೇ ಹೋಗಬೇಕು. ಅಲ್ಲಿ ತೂಕ ಕಡಿಮೆಯಾದರೂ, ಬಾಗಿಲು ಹಾಕಿದ್ದರೂ ಬೇರೆ ದಾರಿಯಿರಲಿಲ್ಲ. 2019ರಲ್ಲಿ ಆರಂಭವಾಗಿ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹಬ್ಬಿದ 'ಒಂದು ರಾಷ್ಟ್ರ ಒಂದು ಪಡಿತರ ಚೀಟಿ' ಯೋಜನೆಯಿಂದ, ಅರ್ಹ ಕುಟುಂಬದವರು ತಾವಿರುವ ಊರಿನ ಬೇರೆ ನ್ಯಾಯಬೆಲೆ ಅಂಗಡಿಯಿಂದಲೂ ಧಾನ್ಯ ಪಡೆಯುವುದು ಸಾಧ್ಯವಾಯಿತು. ಬಿಟ್ಟುಹೋಗಬಲ್ಲ ಗಿರಾಕಿಯ ಮುಂದೆ ತಕ್ಕಡಿ ಹಿಡಿಯುವ ಕೈ ತುಸು ಜಾಗರೂಕವಾಗುತ್ತದೆ.

ಆದರೆ ಎರಡನೆಯ ಅಂಗಡಿಯೇ ಇಲ್ಲದ ಹಳ್ಳಿಗಳು ಎಷ್ಟೋ ಇವೆ. ಅಲ್ಲಿಯವರಿಗೆ ಆಯ್ಕೆಯ ದಿನ ವಾರಕ್ಕೊಂದೇ. ಅದು ಸಂತೆಯ ದಿನ. ಗುರುವಾರ ಸಂತೆಯಾದರೆ ಬುಧವಾರ ರಾತ್ರಿಯೇ ಬೇಕಾದುದರ ಪಟ್ಟಿ ಬಾಯಲ್ಲಿ ಸಿದ್ಧವಾಗುತ್ತದೆ. ಬೋಣಿಗೆ ಬೆಲೆ ಇಳಿಯುವುದೆಂದು ಕೆಲವರು ಬೆಳಿಗ್ಗೆಯೇ ಹೊರಡುತ್ತಾರೆ. ಮುಗಿಯುವ ಹೊತ್ತಿಗೆ ಮಾರುವವರು ಸರಕನ್ನು ಹಿಂದಕ್ಕೆ ಹೊರಲಾರದೆ ಕೊಟ್ಟುಬಿಡುವರೆಂದು ಕೆಲವರು ಸಂಜೆ ಹೋಗುತ್ತಾರೆ. ಇಡೀ ಸಂತೆಯನ್ನು ಒಂದು ಸುತ್ತು ಬರಿಗೈಯಲ್ಲಿ ತಿರುಗಿ, ಎರಡನೆಯ ಸುತ್ತಿನಲ್ಲಿ ಕೊಳ್ಳುತ್ತಾರೆ. ಕೈಯಲ್ಲಿದ್ದ ಹಣ ಮುಗಿದಲ್ಲಿಗೆ ಪಟ್ಟಿಯೂ ನಿಲ್ಲುತ್ತದೆ. ಪಟ್ಟಿಯಲ್ಲಿ ಉಳಿದುದನ್ನು ಮರುದಿನ ಊರಿನ ಅದೇ ಒಂದು ಅಂಗಡಿಯಿಂದ, ಪುಸ್ತಕದಲ್ಲಿ ಬರೆಸಿ, ತರುತ್ತಾರೆ.